ಸೊಟ್ಟ ಮರದ ಪರಾಗ

ನಮ್ಮ ದೊಡ್ಡಪ್ಪನೂ ಅಪ್ಪನೂ ಒಂದೇ ಪೈನ್ ತೋಪಿನಲ್ಲಿ ತಳಿ ಬೆರೆಸುವ ಕೆಲಸಗಾರರು. ಏಣಿ ಹತ್ತಿ ಹೆಣ್ಣು ಹೂವಿಗೆ ಚೀಲ ಕಟ್ಟಿ, ಬೇರೆ ಜಾತಿಯ ಪೈನ್‌ನ ಪರಾಗವನ್ನು ಸಿರಿಂಜಿನಿಂದ ಒಳಗೆ ಚಿಮ್ಮಿಸುವುದು ಅವರ ಕೆಲಸ. ಸಾಹೇಬರು ಹೊಗಳುತ್ತಿದ್ದುದು ಮಾತ್ರ ಅಪ್ಪನನ್ನು.

"ನನ್ನ ಹತ್ರ ಏಣಿ ಹತ್ತೋದು ಕಲಿತವನು, ಈಗ ನನ್ನ ತಲೆ ಮೇಲೇ ಹತ್ತಿ ಕೂತ!" ಎಂದು ದೊಡ್ಡಪ್ಪ ಹಲ್ಲು ಕಡಿಯುತ್ತಿದ್ದ. ಊಟದ ಬಿಡುವಿನಲ್ಲಿ ಕದ್ದು ಹೋಗಿ ತಮ್ಮ ಬೆರೆಸಿದ ಬೀಜದಿಂದ ಎದ್ದ ಗಿಡಗಳನ್ನು ಟೇಪು ಹಿಡಿದು ಅಳೆಯುತ್ತಿದ್ದ. ತನ್ನವಕ್ಕಿಂತ ಗೇಣುದ್ದ ಹೆಚ್ಚಿದ್ದರೆ ಆ ದಿನ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಮನೆಗೆ ಬರುತ್ತಿತ್ತು.

ಒಂದು ವರ್ಷ ಹೊಟ್ಟೆಯುರಿ ತಾಳಲಾರದೆ, ಅಪ್ಪನ ಪರಾಗದ ಸೀಸೆ ಖಾಲಿ ಮಾಡಿ, ಆಫೀಸಿನ ಹಿಂದಿನ ಸೊಟ್ಟ ಪೈನ್ ಮರದ ಪರಾಗ ತುಂಬಿಟ್ಟ. ಆ ಸೊಟ್ಟು ಗಾಳಿಯಿಂದ ಬಂದದ್ದು, ಹುಟ್ಟಿನಿಂದಲ್ಲ ಎಂಬುದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಹತ್ತು ವರ್ಷದ ಮೇಲೆ ಆ ಬೀಜದ ಮರಗಳು ತೋಪಿಗೇ ಎತ್ತರವಾಗಿ, ಕಂಬದಂತೆ ನೆಟ್ಟಗೆ ನಿಂತವು. ತಳಿಗೆ ಅಪ್ಪನ ಹೆಸರನ್ನೇ ಇಟ್ಟರು.

ಸಮಾರಂಭ ಮುಗಿಸಿ ಬರುವಾಗ ದೊಡ್ಡಪ್ಪ ನನಗೆ ನಡೆದದ್ದೆಲ್ಲ ಹೇಳಿದ. "ಅದು ನನ್ನ ತಳಿ ಕಣೇ!"

"ಹಾಗಾದ್ರೆ ಎಲ್ಲರ ಮುಂದೆ ಹೇಳು, ದೊಡ್ಡಪ್ಪ."

"ಏನಂತ ಹೇಳ್ಲಿ? ಹಾಳು ಮಾಡೋಕೆ ಹೋಗಿದ್ದೆ ಅಂತಾನಾ?"