ಸ್ಟವ್ ಪಿನ್ನು ಚುಚ್ಚಿದ ಜೆಟ್

ಬೈಕು ನನಗೆ ಅಪ್ಪನಿಂದ ಬಂದದ್ದು, ಸಿಟ್ಟೂ ಅಷ್ಟೆ. ಅಪ್ಪ ಮುಂಬಯಿಯ ಮಾಟುಂಗದ ಹೋಟೆಲೊಂದರಲ್ಲಿ ಅಡುಗೆಗಿದ್ದ. ಅವನು ತೀರಿಕೊಂಡ ಮೇಲೆ ಆ ಹಳೆಯ ಬೈಕನ್ನು ನಾನೇ ಓಡಿಸುತ್ತಿದ್ದೇನೆ. ಈ ಸಲ ದಸರಾ ಕಳೆದದ್ದೇ ಅದು ಕಪ್ಪು ಹೊಗೆ ಉಗುಳತೊಡಗಿತು. ಹೊಗೆ ತಪಾಸಣೆಯಲ್ಲಿ ಫೇಲಾಯಿತು. ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಗೆ ಅಷ್ಟೇ ಬೇಕಿತ್ತು. ಭಾನುವಾರದೊಳಗೆ ಸರಿಮಾಡಿಸಿ, ಇಲ್ಲವೇ ಗುಜರಿಗೆ ಹಾಕಿ ಎಂದು ಲಿಫ್ಟಿನ ಪಕ್ಕ ನೋಟೀಸು ಅಂಟಿಸಿದ. ಅವನ ಕಾರು ಇಬ್ಬರ ಜಾಗ ನುಂಗುತ್ತದೆ, ಅದಕ್ಕೆ ನೋಟೀಸಿಲ್ಲ.

ನನ್ನ ಸಿಟ್ಟು ಹೋಗಿ ಬಿದ್ದದ್ದು ಮೆಕ್ಯಾನಿಕ್ ಮೇಲೆ. ಅವರು ವಿಜಯಪುರದ ಕಡೆಯವರು, ಅಪ್ಪನ ಕಾಲದಿಂದ ಈ ಬೈಕು ಬಲ್ಲವರು. ನನ್ನನ್ನು ಯಾವಾಗಲೂ ‘ತಂಗಿ’ ಎಂದೇ ಕರೆಯುವರು. ಆದರೆ ಅಪ್ಪನ ಮಾತೊಂದು ತಲೆಯಲ್ಲಿ ಕೂತಿತ್ತು: “ಅವ ಕೆಲಸಗಾರ ಹೌದು, ಆದ್ರೆ ಅವನ ಕೈ ಮೇಲೆ ಒಂದು ಕಣ್ಣಿಡು.” ದಸರಾಕ್ಕೆ ಮುಂಚಿನ ಸರ್ವಿಸಿನಲ್ಲಿ ಅಸಲಿ ಕಾರ್ಬುರೇಟರ್ ಬಿಚ್ಚಿ ಮಾರಿ, ಡೂಪ್ಲಿಕೇಟ್ ಕೂರಿಸಿದ್ದಾರೆಂದು ನಾನೇ ತೀರ್ಮಾನಿಸಿದೆ.

ಗಿರಾಕಿಗಳ ಎದುರೇ ಕೂಗಿದೆ. “ಅಸಲಿ ಯಾರಿಗೆ ಮಾರಿದೆ? ಕದೀಲಿಕ್ಕೆ ನಮ್ಮ ಮನೆಯೇ ಬೇಕಿತ್ತಾ ನಿಂಗೆ?” ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವರನ್ನು ಏಕವಚನದಲ್ಲಿ ಬಯ್ದೆ.

ಅವರು ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಅದರ ಮೈಮೇಲೆ ಅಚ್ಚೊತ್ತಿದ್ದ ನಂಬರು ತೋರಿಸಿದರು. ಆರ್‌ಸಿ ಪುಸ್ತಕದ ಹಿಂದೆ ಅಪ್ಪ ಅಸಲಿಯ ನಂಬರು ಬರೆದಿಟ್ಟಿದ್ದ. ಒಂದಂಕಿಯೂ ಬೇರೆಯಿರಲಿಲ್ಲ. ಆದರೂ ನನ್ನ ಬಾಯಿ ನಿಲ್ಲಲಿಲ್ಲ. “ಹಾಗಾದ್ರೆ ಜೆಟ್ ಬದಲಾಯಿಸಿದ್ದಿ,” ಎಂದೆ. ಜೆಟ್ ಎಂದರೆ ಪೆಟ್ರೋಲನ್ನು ಅಳತೆ ಮಾಡಿ ಬಿಡುವ, ನಡುವೆ ಸೂಜಿಮೊನೆಯಷ್ಟು ತೂತಿರುವ ಹಿತ್ತಾಳೆ ತಿರುಪು. ಅದನ್ನೂ ಬಿಚ್ಚಿದರು. ಅದೇ ನಂಬರಿನ ಹೊಸದೊಂದನ್ನು ಜೊತೆಗಿಟ್ಟು ಬೆಳಕಿಗೆ ಹಿಡಿದರು. ಹೊಸದರ ತೂತು ದುಂಡಗೆ, ಸಣ್ಣಗೆ. ನಮ್ಮದು ಅಗಲವಾಗಿ, ಅಂಚೆಲ್ಲ ಗೀರಿಹೋಗಿತ್ತು. ಪೆಟ್ರೋಲು ಅಳತೆ ಮೀರಿ ಹರಿದು ಕಪ್ಪು ಹೊಗೆಯಾಗುತ್ತಿತ್ತು.

“ಇದರಾಗ ಏನ ಚುಚ್ಚಿದ್ದು?”

“ಸ್ಟವ್ ಪಿನ್ನು,” ಎಂದೆ.

ಪ್ರತಿ ಆಯುಧಪೂಜೆಗೆ ಅಪ್ಪ ಕಾರ್ಬುರೇಟರ್ ಬಿಚ್ಚಿ, ಸೀಮೆಎಣ್ಣೆ ಸ್ಟವ್ ಚುಚ್ಚುವ ಉಕ್ಕಿನ ಪಿನ್ನಿನಿಂದಲೇ ಜೆಟ್ಟನ್ನೂ ಚುಚ್ಚಿ ಶುದ್ಧ ಮಾಡುತ್ತಿದ್ದ. ನಾನೂ ಒಂದು ವರ್ಷವೂ ತಪ್ಪಿಸಿಲ್ಲ. ಚುಚ್ಚಿ ಹಾಳುಮಾಡಿ, ಮೇಲೆ ಕುಂಕುಮ ಹಚ್ಚಿ ಕೈಮುಗಿದಿದ್ದೇನೆ.

“ನಿಮ್ಮ ಅಪ್ಪಾರಿಗೂ ಹೇಳಿದ್ದೆ, ಪಿನ್ನ ಹಾಕಬ್ಯಾಡ್ರಿ ಅಂತ. ಹೊಸಾದು ಮಾರಾಕ ಸುಳ್ಳ ಹೇಳ್ತಿ, ಕಳ್ಳ ಅಂದ್ರು. ಇಲ್ಲೇ, ಮಂದಿ ಮುಂದ.”

ಉರಿ ಈಗ ಅಪ್ಪನತ್ತ ತಿರುಗಿತು. ತನ್ನ ತಪ್ಪು ಒಪ್ಪಲಾರದೆ ಒಳ್ಳೆಯ ಮನುಷ್ಯನನ್ನು ಕಳ್ಳನೆಂದ, ಆ ಮಾತನ್ನೂ ಬೈಕಿನ ಜೊತೆ ನನಗೆ ಬಿಟ್ಟುಹೋದ. ಸತ್ತವನನ್ನು ಎಷ್ಟು ಬಯ್ದರೇನು? ತಾಯಿಯಂತೆ ಮಗಳು ಎನ್ನುತ್ತಾರೆ, ನಾನು ಅಪ್ಪನಂತೆಯೇ ಆಗಿದ್ದೆ.

ಅದೇ ಗಿರಾಕಿಗಳ ಎದುರು, ಕೂಗಿದಷ್ಟೇ ಜೋರಾಗಿ ಹೇಳಿದೆ: “ತಪ್ಪು ನನ್ನದು ಮಾಮ. ಅಪ್ಪನದೂ ಹೌದು. ನೀವು ಕಳ್ಳರಲ್ಲ.”

ಅವರು ತಲೆಯೆತ್ತದೆ ಹೊಸ ಜೆಟ್ ಕೂರಿಸಿದರು. ಒಂದೇ ಕಿಕ್ಕಿಗೆ ಬೈಕು ಸ್ಟಾರ್ಟಾಯಿತು. ಹೊಗೆಯಿಲ್ಲ. ಬೈಕು ಉಳಿಯಿತು.

“ಆತು. ಒಯ್ಯಿರಿ, ಮೇಡಂ,” ಎಂದರು.