ಇನ್ನೊಂದು ಬಾವಿ

ನೀರಿನ ಟ್ಯಾಂಕರ್ ಬಂದು ನಮ್ಮ ಸಂಪಿನ ಮುಚ್ಚಳ ತೆಗೆದರೆ ಸಾಕು, ಪಕ್ಕದ ಮನೆಯ ಬೀಜಿ ಗೇಟಿನಾಚೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. “ಮುಚ್ಚಿದ್ಯಾ ಬೇಟಿ? ಸರಿಯಾಗಿ ನೋಡು,” ಎಂದು ಕೇಳಿದ ಮೇಲೂ ನಂಬಿಕೆಯಿಲ್ಲ. ತಾವೇ ಬಂದು ಚಪ್ಪಲಿಯ ತುದಿಯಿಂದ ಮುಚ್ಚಳ ತಟ್ಟಿ ನೋಡುವರು.

ಏರ್‌ಫೋರ್ಸಿನಲ್ಲಿದ್ದ ಗಂಡನ ಜೊತೆ ಜಾಲಹಳ್ಳಿಗೆ ಬಂದು, ಅವರು ತೀರಿಕೊಂಡ ಮೇಲೂ ಇಲ್ಲೇ ಉಳಿದ ಪಂಜಾಬಿ ಹೆಂಗಸು. ಮೂಲಂಗಿ ಪರೋಟ ತಂದುಕೊಟ್ಟು ನನ್ನ ಹುಳಿ ಒಯ್ಯುತ್ತಿದ್ದರು. ದುಪಟ್ಟಾದ ಅಂಚಿಗೆ ಸದಾ ಏಲಕ್ಕಿಯ ವಾಸನೆ.

ಒಂದು ವರ್ಷ ಗಡಿಯಲ್ಲಿ ಸೈನಿಕರು ಸತ್ತು, ಟೀವಿಯಲ್ಲಿ ಹಗಲೂ ಇರುಳೂ ಯುದ್ಧದ ಮಾತು. ಬಡಾವಣೆ ಸಂಘದ ಕಾರ್ಯದರ್ಶಿ ಮನೆಗೇ ಬಂದರು. “ಗಣರಾಜ್ಯೋತ್ಸವಕ್ಕೆ ನೀವೇ ಮಾತಾಡ್ಬೇಕು ಬೀಜಿ. ವಿಭಜನೆ ಟೈಮಲ್ಲಿ ಅವ್ರು ಏನೇನ್ ಮಾಡಿದ್ರು ಹೇಳ್ಬಿಡಿ. ನಮ್ ಹುಡುಗ್ರಿಗೆ ರಕ್ತ ಕುದೀಬೇಕು!”

“ಕುದ್ದ ಮೇಲೆ ಏನು ಮಾಡ್ತೀಯ, ಸಾಂಬಾರಾ?” ಎಂದರು ಬೀಜಿ. ಆದರೂ ಒಪ್ಪಿದರು.

ಗಣರಾಜ್ಯೋತ್ಸವದ ದಿನ ಬೀಜಿ ಮೈಕಿನ ಮುಂದೆ ನಿಂತರು. “ಗುಂಪು ಬಂತು. ಊರಿನ ಹೆಂಗಸರು ಬಾವಿಗೆ ಹಾರಿದರು. ನನ್ನ ಅಕ್ಕನೂ. ನಾನು ಕಬ್ಬಿನ ಗದ್ದೇಲಿ ಅವಿತಿದ್ದೆ.” ಜನ ಚಪ್ಪಾಳೆ ತಟ್ಟಿದರು. ಸತ್ತ ಹುಡುಗಿಗೆ ಚಪ್ಪಾಳೆ! ನನ್ನ ಮೈ ಉರಿಯಿತು. ಬೀಜಿ ಮುಂದುವರಿಸಿದರು. “ಗಡಿ ದಾಟಿ ಈ ಕಡೆ ಬಂದ್ವಿ. ಬಾಯಾರಿತ್ತು. ಇಲ್ಲೂ ಒಂದು ಬಾವಿ. ಬಗ್ಗಿ ನೋಡಿದೆ. ಅದರಲ್ಲೂ ಹೆಂಗಸರು, ಮಕ್ಕಳು. ಮುಸಲ್ಮಾನರು. ನಮ್ಮವರೇ ಅವರನ್ನ…”

ಮೈಕ್ ನಿಂತಿತು. “ಟೈಮಾಯ್ತು ಅಮ್ಮಾ,” ಎಂದು ಕಾರ್ಯದರ್ಶಿ ಲಡ್ಡಿನ ಡಬ್ಬ ತೆರೆದರು.

ಮನೆಗೆ ಬರುವಾಗ ಬೀಜಿ ನನ್ನ ತೋಳು ಹಿಡಿದಿದ್ದರು. “ಇವರಿಗೆ ಒಂದು ಬಾವಿ ಬೇಕು, ಆ ಕಡೆಯವರಿಗೆ ಇನ್ನೊಂದು. ಎರಡೂ ನೋಡಿದವಳು ಯಾರಿಗೂ ಬೇಡ.”

ಗಡಿಯಾಚೆಗೂ ಇಂಥ ಒಬ್ಬ ಕಾರ್ಯದರ್ಶಿ ಇದ್ದೇ ಇರುತ್ತಾನೆ, ಬೀಜಿಯ ಅಕ್ಕ ಹಾರಿದ ಬಾವಿಯ ಮಾತು ಬಂದ ಕೂಡಲೇ ಮೈಕ್ ಆರಿಸಲು. ದೊಡ್ಡವರು ಎರಡು ದೇಶಗಳ ಮಾತುಕತೆ ಮುರಿಯಿತೆಂದು ಟೀವಿಯಲ್ಲಿ ಗಂಭೀರವಾಗಿ ಹೇಳುವಾಗಲೆಲ್ಲ ನನಗೆ ಆ ಲಡ್ಡಿನ ಡಬ್ಬವೇ ಕಾಣುತ್ತದೆ.

ಎರಡು ಚಳಿಗಾಲ ಕಳೆದು ಬೀಜಿ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅದೇ ಕಾರ್ಯದರ್ಶಿ ಅಕ್ಕನ ಬಾವಿಯ ಕತೆ ಹೇಳಿ, “ಆ ಸೇಡು ತೀರಿಸೋದೇ ಬೀಜಿಗೆ ನಾವು ಕೊಡೋ ಗೌರವ,” ಎಂದರು.

ಹೆಣ್ಣುಮಕ್ಕಳು ದನಿ ಎತ್ತಬಾರದೆಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ನಾನು ಎದ್ದು ನಿಂತೆ. “ಇನ್ನೊಂದು ಬಾವಿ ಬಿಟ್ರಲ್ಲ ಸಾರ್!”

“ಮೇಡಂ, ಕೂತ್ಕೊಳ್ಳಿ.”

“ಕೂರಲ್ಲ. ಪೂರ್ತಿ ಹೇಳೇ ಕೂರೋದು.”

ನನ್ನ ಕೈಯಲ್ಲಿ ಮೈಕ್ ಇರಲಿಲ್ಲ. ಆರಿಸಲು ಅವರಿಗೆ ಏನೂ ಸಿಗಲಿಲ್ಲ.