ಕೊರಗಪ್ಪನ ಹಡಗು ಮುಳುಗಿದ ಬಗೆ

ಅನುಮಾನಪಡುವುದಕ್ಕೆ ಸಂಬಳ ಸಿಗುವ ಕೆಲಸ ಲೋಕದಲ್ಲಿ ಕಡಿಮೆ. ಕಾಪುವಿನ ಕೊರಗಪ್ಪನಿಗೆ ಅದು ಸಿಡ್ನಿಯಲ್ಲಿ ಸಿಕ್ಕಿತ್ತು. ಮ್ಯಾಕ್ವೆರಿ ಪಾರ್ಕಿನ ಒಂದು ಔಷಧ ಕಂಪನಿಯಲ್ಲಿ ಅವನು ಮಾತ್ರೆಗಳನ್ನು ಪರೀಕ್ಷಿಸುತ್ತಾನೆ. ಗುಂಡಗೆ, ಬೆಳ್ಳಗೆ, ನಿರಪರಾಧಿಯಂತೆ ಕೂತ ಮಾತ್ರೆ ಕಂಡರೆ, ‘ಇದು ಇಷ್ಟು ಚಂದ ಯಾಕಿದೆ?’ ಎಂದು ಅವನ ಹುಬ್ಬು ಏರುತ್ತದೆ. ಸಂಜೆ ದಿ ಪಾಂಡ್ಸ್ ಬಡಾವಣೆಯ ಮನೆ ಸೇರಿದರೂ ಹುಬ್ಬು ಇಳಿಯುವುದಿಲ್ಲ. ಪಕ್ಕದ ಮನೆಯವರು ನಿಂಬೆಹಣ್ಣು ಕೊಟ್ಟರೆ ಬೇಲಿ ಸರಿಸುವ ಸಂಚು ಎಂದೇ ಅರ್ಥ. ಹೆಂಡತಿ ಸ್ವರ್ಣಲತಾಳ ಮೇಲೆ ಮಾತ್ರ ಅವನಿಗೆ ಅನುಮಾನವಿರಲಿಲ್ಲ. ಅದಕ್ಕೆ ಬೇಕಾದ ಧೈರ್ಯ ಬೇರೆಯೇ ಜಾತಿಯದು.

ವಾರವಿಡೀ ಮಾತ್ರೆಯಾದರೆ ಭಾನುವಾರ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಬೇಕು, ಅರ್ಥಧಾರಿಗಳು ಕಥೆಯ ಪಾತ್ರಗಳಾಗಿ ಕೂತಲ್ಲೇ ಮಾತಿನ ಯುದ್ಧ ಮಾಡಬೇಕು. ಸಿಡ್ನಿ ತಂಡಕ್ಕೆ ಸ್ವರ್ಣಲತಾಳೇ ಭಾಗವತೆ, ಕೊರಗಪ್ಪ ಅರ್ಥಧಾರಿ. ಕಥೆಯಲ್ಲಿ ಸಾಯಬೇಕಾದವನು ಎಷ್ಟು ಚೆನ್ನಾಗಿ ವಾದಿಸಿದರೂ ಸಾಯಲೇಬೇಕು. ಆದರೆ ಸಾಯುವ ಮೊದಲು ಉತ್ತರ ಸಿಗದೆ ಪೆಚ್ಚಾಗಿ ಕೂತವನನ್ನು ತುಳುವರು ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ.

ಮೊನ್ನೆ ಮೆಲ್ಬರ್ನ್ ತಂಡದ ಜಯೇಶ್ ಫೋನ್ ಮಾಡಿದ. “ಕೊರಗಪ್ಪಣ್ಣ, ಈ ದೇಶದ ಅನ್ನ ತಿಂತೇವೆ, ಈ ದೇಶದ್ದೇ ಒಂದು ಪ್ರಸಂಗ ಮಾಡುವನಾ? ಸುಂಡಾ ಜಲಸಂಧಿಯ ಯುದ್ಧ!”

೧೯೪೨ರ ಕಥೆ ಅದು. ಆಸ್ಟ್ರೇಲಿಯಾದ ಪರ್ತ್, ಅಮೆರಿಕದ ಹ್ಯೂಸ್ಟನ್ ಎಂಬ ಎರಡು ಯುದ್ಧನೌಕೆಗಳು, ದಾರಿ ಖಾಲಿಯಿದೆ ಎಂದು ನಂಬಿ ಜಾವಾದ ಬಳಿ ಸಾಗುತ್ತ ಜಪಾನಿನ ದೊಡ್ಡ ದಂಡಿನ ನಡುವೆ ಸಿಕ್ಕಿಬಿದ್ದವು. ಗುಂಡು ಮುಗಿಯುವವರೆಗೆ ಕಾದಿದವು. ಮುಗಿದ ಮೇಲೆ ಪರ್ತ್‌ನವರು ಸಿಡಿಯದ ಅಭ್ಯಾಸದ ಗುಂಡುಗಳನ್ನೂ ಹಾರಿಸಿದರು. ಗಡಿಬಿಡಿಯಲ್ಲಿ ಜಪಾನಿನ ಟಾರ್ಪಿಡೋಗಳು ಜಪಾನಿನದೇ ಹಡಗುಗಳಿಗೆ ಬಡಿದವು. ಕೊನೆಗೆ ಪರ್ತ್, ಹ್ಯೂಸ್ಟನ್ ಎರಡೂ ಮುಳುಗಿದವು. ಶರಣಾಗಲಿಲ್ಲ.

“ಪರ್ತ್‌ನ ಕ್ಯಾಪ್ಟನ್ ನೀವೇ ಆಗಿ. ನನಗೆ ಜಪಾನಿನ ಸೇನಾಪತಿ ಸಾಕು,” ಎಂದ ಜಯೇಶ್.

ಸಾಕಂತೆ! ನಾಯಕನ ಪಾತ್ರವನ್ನು ತಾನಾಗಿ ಬಿಟ್ಟುಕೊಟ್ಟ ಅರ್ಥಧಾರಿಯನ್ನು ಕಂಡವರುಂಟೇ?

“ಇದರಲ್ಲಿ ಎಂಥದೋ ಉಂಟು,” ಎಂದ ಕೊರಗಪ್ಪ, ಫೋನ್ ಇಟ್ಟು ಹೆಂಡತಿಗೆ. “ಎಲ್ಲರೆದುರು ನನ್ನಿಂದ ಬಿಳಿ ಬಾವುಟ ಎತ್ತಿಸ್ತಾನೆ, ನೋಡು.”

“ನಿಮ್ಮ ಮಂಡೆ ಸಮ ಇಲ್ಲ. ನಾನು ಫ್ಲೈಟ್ ಬುಕ್ ಮಾಡ್ತೇನೆ,” ಎಂದಳು ಸ್ವರ್ಣಲತಾ.

ಹೊರಡುವ ಹೊತ್ತಿಗೆ ಸಿಡ್ನಿಯ ಸೈನ್ಯ ಕರಗಿತು. ಒಬ್ಬರ ಮಗಳಿಗೆ ಪರೀಕ್ಷೆ, ಒಬ್ಬರಿಗೆ ಮನೆಯ ಇನ್ಸ್‌ಪೆಕ್ಷನ್, ಒಬ್ಬರಿಗೆ ಸುಮ್ಮನೆ ಜ್ವರ. ಗಂಡ ಹೆಂಡತಿಯ ಜೊತೆ ಉಳಿದವಳು, ಹ್ಯೂಸ್ಟನ್‌ನ ಕ್ಯಾಪ್ಟನ್ ಆಗಬೇಕಿದ್ದ ನಾರ್ತ್ ಸಿಡ್ನಿಯ ಅಕೌಂಟೆಂಟ್ ವಿಜೇತಾ ಒಬ್ಬಳೇ. ಮೆಲ್ಬರ್ನ್‌ನಲ್ಲಿ ಎದುರಾಳಿಗಳು ಏಳು ಜನ.

ಏರ್‌ಪೋರ್ಟಿಗೆ ಜಯೇಶನೇ ಕಾರು ತಂದಿದ್ದ. ಅನುಮಾನ. ಮನೆಯಲ್ಲಿ ನೀರುದೋಸೆ ಮಾಡಿಸಿದ್ದ. ಘೋರ ಅನುಮಾನ. “ಗಂಟಲಿಗೆ ಒಳ್ಳೇದು ಅಣ್ಣ,” ಎಂದು ಒಳ್ಳೆಮೆಣಸಿನ ಕಷಾಯ ಬೇರೆ ಕೊಟ್ಟ. ಕೊರಗಪ್ಪ ಲೋಟವನ್ನು ಬೆಳಕಿಗೆ ಹಿಡಿದ, ಮೂಸಿದ, ಯಾರೂ ನೋಡದಾಗ ಕುಂಡದ ಗಿಡಕ್ಕೆ ಕುಡಿಸಿದ. ಗಿಡಕ್ಕೆ ಏನೂ ಆಗಲಿಲ್ಲ. ನಿಧಾನ ವಿಷ ಇರಬೇಕು.

ಹಾಲ್ ತುಂಬಿತ್ತು. ಸ್ವರ್ಣಲತಾ ಪದ ಎತ್ತಿದಳು, ಯುದ್ಧ ಶುರುವಾಯಿತು. ವಿಜೇತಾ ಬಹಳ ಹೊತ್ತು ಕಾದಿ ಮಾತು ಮುಗಿದು ಹಿಂದೆ ಸರಿದಳು. ಏಳು ಜನ ಕೊರಗಪ್ಪನ ಮೇಲೆ ಬಿದ್ದರು. ಆದರೆ ಏಳು ಅರ್ಥಧಾರಿಗಳೆಂದರೆ ಏಳು ಬಾಯಿ. ಒಬ್ಬ, “ನಾವು ಏಷ್ಯಾವನ್ನು ಬಿಡಿಸಲು ಬಂದ ಪುಣ್ಯಾತ್ಮರು!” ಎಂದು ಗರ್ಜಿಸಿದರೆ, ತನಗೆ ಅವಕಾಶ ಸಿಗಲಿಲ್ಲವೆಂದು ಕುದಿಯುತ್ತಿದ್ದ ಪಕ್ಕದವನು, “ನಮಗೆ ಬೇಕಾದ್ದು ಇಲ್ಲಿನ ಎಣ್ಣೆ!” ಎಂದುಬಿಟ್ಟ.

“ನೋಡಿದಿರಾ! ಇವರ ಟಾರ್ಪಿಡೋ ಇವರಿಗೇ ಬಡಿಯಿತು!” ಎಂದ ಕೊರಗಪ್ಪ. ಸಭೆ ಬಿದ್ದು ಬಿದ್ದು ನಕ್ಕಿತು.

ಆಗ ಜಯೇಶ್ ಕೈಯೆತ್ತಿ ತನ್ನವರನ್ನು ಸುಮ್ಮನಿರಿಸಿದ. ಮೆಲ್ಲಗೆ ಕೈಮುಗಿದ. “ಕ್ಯಾಪ್ಟನ್, ನಿಮ್ಮ ಶೌರ್ಯಕ್ಕೆ ನಮಸ್ಕಾರ. ನಿಮ್ಮ ಹಡಗಿನಲ್ಲಿ ನೂರಾರು ತಾಯಂದಿರ ಮಕ್ಕಳಿದ್ದಾರೆ. ಉಳಿಯುವುದು ನಿಮ್ಮ ಹೆಸರು, ಸಾಯುವುದು ಅವರು. ಇದು ಯಾವ ನ್ಯಾಯ? ಬಾವುಟ ಇಳಿಸಿ. ಮಕ್ಕಳಿಗೆ ಬಿಸಿ ಕಷಾಯ ಕೊಡುತ್ತೇವೆ.”

ಅನುಮಾನ ನಿಜವಾಯಿತೆಂದು ಕೊರಗಪ್ಪನಿಗೆ ಅರೆಕ್ಷಣ ಪರಮಾನಂದವಾಯಿತು. ಆಮೇಲೆ ತಿಳಿಯಿತು, ಪ್ರಶ್ನೆ ಚೆನ್ನಾಗಿದೆ, ಉತ್ತರವಿಲ್ಲ. ಒಂದು ಗಾದೆ ಎಸೆದ. ಜಯೇಶನ ಮೀಸೆಯ ಮೇಲೆ ಒಂದು ಜೋಕು ಹಾರಿಸಿದ. ಅಭ್ಯಾಸದ ಗುಂಡುಗಳು, ತಾಗಲಿಲ್ಲ. ಕಷಾಯ ಕಾಣದ ಗಂಟಲು ಕಟ್ಟಿ, ಕೊನೆಗೆ ಬರೀ ಕೆಮ್ಮು ಬಂತು. ಸಭೆ ಕಾಯುತ್ತಿತ್ತು. ‘ಆಗಲಿ’ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತು.

ಜಾಗಟೆ ಢಣ್ ಎಂದಿತು. ನಡುವಿನ ಪದಗಳನ್ನೆಲ್ಲ ಹಾರಿಸಿ, ಪರ್ತ್ ಮುಳುಗುವ ಪದವನ್ನು ಸ್ವರ್ಣಲತಾ ಏರುದನಿಯಲ್ಲಿ ಎತ್ತಿಬಿಟ್ಟಿದ್ದಳು. ಭಾಗವತರು ಹಾಡುವಾಗ ಅರ್ಥಧಾರಿ ಬಾಯಿ ಮುಚ್ಚಬೇಕು. ಕೊರಗಪ್ಪ ಕೃತಜ್ಞತೆಯಿಂದ ಮುಚ್ಚಿದ. ಹಡಗು ಬಾವುಟ ಸಮೇತ ಮುಳುಗಿತು. ಚಪ್ಪಾಳೆಗೆ ಹಾಲ್ ನಡುಗಿತು.

ಏರ್‌ಪೋರ್ಟಿನಲ್ಲಿ ಕೊರಗಪ್ಪ ಹೆಂಡತಿಯನ್ನು ಮಾತ್ರೆಯಂತೆ ನೋಡಿದ. ಮದುವೆಯಾದ ಮೇಲೆ ಇದೇ ಮೊದಲು.

“ನೀನು ಪದ ಹಾರಿಸಿದ್ದು ಯಾಕೆ? ನನ್ನ ಹತ್ರ ಉತ್ತರ ಇತ್ತು.”

“ಎಂಥ ಉತ್ತರ?”

ಅವನು ಕೆಮ್ಮಿದ.

“ಫ್ಲೈಟ್‌ಗೆ ಲೇಟ್ ಆಗ್ತಿತ್ತು ಮಾರಾಯ್ರೆ,” ಎಂದಳು. ಫ್ಲೈಟಿಗೆ ಇನ್ನೂ ಎರಡು ಗಂಟೆಯಿತ್ತು. ಜಯೇಶ್ ಕಟ್ಟಿಕೊಟ್ಟಿದ್ದ ಫ್ಲಾಸ್ಕ್ ತೆಗೆದು ಮುಚ್ಚಳಕ್ಕೆ ಕಷಾಯ ಬಗ್ಗಿಸಿದಳು.

ಕೊರಗಪ್ಪ ಅದನ್ನು ಬೆಳಕಿಗೆ ಹಿಡಿದ. ಸ್ವರ್ಣಲತಾ ನೋಡುತ್ತಲೇ ಇದ್ದಳು. ಕುಡಿದ.